ಕಾಲಿಂಚಿನ ನೀಡಲ್ ವಾಲ್ವಿಗೆ ಸ್ಟೆಪ್ಪರ್ ಮೋಟರ್: 0–5 ಲೀಟರ್ ಸಾರಜನಕದ ಹರಿವು ಹಿಡಿತಕ್ಕೆ ಬರುತ್ತಿಲ್ಲ

ಕುಲುಮೆ_ಕೆಲಸ
ಟ್ಯೂಬ್ ಫರ್ನೇಸ್‌ಗೆ ಸಾರಜನಕ ಬಿಡಬೇಕು. ಬೇಕಾದ ಹರಿವು ನಿಮಿಷಕ್ಕೆ 250 ಮಿ.ಲೀ.ನಿಂದ 5 ಲೀಟರ್‌ವರೆಗೆ. ಇಟ್ಟ ಅಂಕೆಯಿಂದ ಶೇ. 2ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಜಾಗ ಬೆಂಗಳೂರು.

ಈಗ ಜೋಡಿಸಿರುವುದು: 7 ಘನಮೀಟರ್ ಸಿಲಿಂಡರ್, ಒಂದೇ ಹಂತದ ರೆಗ್ಯುಲೇಟರ್ (ಗೇಜ್ 2 ಬಾರ್), ಕಾಲಿಂಚಿನ ಹಿತ್ತಾಳೆ ನೀಡಲ್ ವಾಲ್ವ್ (ಸೂಜಿ ಏರಿಳಿದು ತೂತು ತೆರೆಯುವ ವಾಲ್ವ್), ಅದರ ಸ್ಪಿಂಡಲ್‌ಗೆ ನೇರವಾಗಿ ನೆಮಾ 17 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್), ಎ4988 ಡ್ರೈವರ್, ಆರ್ಡುಯಿನೊ ಊನೊ, ಹನಿವೆಲ್ ಎಡಬ್ಲ್ಯುಎಂ5101 ಹರಿವಿನ ಸೆನ್ಸರ್. ಫರ್ನೇಸ್‌ನ ಕೊನೆಯಲ್ಲಿ ಎಣ್ಣೆ ಬಬ್ಲರ್ (ಅನಿಲ ಎಣ್ಣೆಯೊಳಗೆ ಗುಳ್ಳೆಯಾಗಿ ಹೊರಹೋಗುವ ಬಾಟಲಿ).

ತೊಂದರೆ: ಮುಚ್ಚಿದ ಸ್ಥಿತಿಯಿಂದ ಬೆರಳೆಣಿಕೆಯ ಸ್ಟೆಪ್ ತಿರುಗುವಷ್ಟರಲ್ಲಿ ಹರಿವು 5 ಲೀಟರ್ ದಾಟುತ್ತದೆ. 1/16 ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು 16 ಭಾಗ ಮಾಡಿ ತಿರುಗಿಸುವುದು) ಹಾಕಿದರೆ ಮೂರ್ನಾಲ್ಕು ಪಲ್ಸ್‌ಗೆ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. 1:50 ಗೇರ್‌ಬಾಕ್ಸ್ ಹಾಕಿದರೆ ಸರಿಹೋದೀತಾ?

ಹರಿವುಮಾಪಕ
ಗೇರ್‌ಬಾಕ್ಸ್ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ. ನಿಮಗೆ ಎಷ್ಟು ದೊಡ್ಡ ತೂತು ಬೇಕು ಅನ್ನುವುದೇ ಇಲ್ಲಿ ಮೂಲ ಪ್ರಶ್ನೆ.

ಬೆಂಗಳೂರಿನ ವಾತಾವರಣದ ಒತ್ತಡ ಸುಮಾರು 0.91 ಬಾರ್. ಗೇಜ್ 2 ಬಾರ್ ಅಂದರೆ ನಿರಪೇಕ್ಷ ಒತ್ತಡ 2.91 ಬಾರ್. ಸಾರಜನಕಕ್ಕೆ ಕೆಳಗಿನ (ವಾಲ್ವ್ ದಾಟಿದ ನಂತರದ) ಒತ್ತಡ ಮೇಲಿನದರ (ವಾಲ್ವಿಗೆ ಮೊದಲಿನದರ) 0.528 ಪಾಲಿಗಿಂತ ಕಡಿಮೆ ಇದ್ದರೆ ತೂತಿನಲ್ಲಿ ಅನಿಲ ಶಬ್ದದ ವೇಗ ಮುಟ್ಟುತ್ತದೆ. ಇದಕ್ಕೆ ಚೋಕ್ಡ್ ಹರಿವು ಅನ್ನುತ್ತಾರೆ. 2.91ರ 0.528 ಪಾಲು ಅಂದರೆ 1.54 ಬಾರ್. ನಿಮ್ಮ ಫರ್ನೇಸ್ ಟ್ಯೂಬ್ 0.91ರ ಆಸುಪಾಸಿನಲ್ಲಿದೆ, ಹಾಗಾಗಿ ಯಾವಾಗಲೂ ಚೋಕ್ ಆಗಿಯೇ ಇರುತ್ತದೆ. ಇದು ನಿಮ್ಮ ಭಾಗ್ಯ: ಬಬ್ಲರ್ ಗುಳುಗುಳು ಅಂದರೂ ಹರಿವು ಅಲ್ಲಾಡುವುದಿಲ್ಲ. ಹರಿವು ಈಗ ಮೇಲಿನ ಒತ್ತಡ, ತೂತಿನ ವಿಸ್ತೀರ್ಣ, ಅನಿಲದ ಉಷ್ಣತೆ ಈ ಮೂರನ್ನು ಮಾತ್ರ ಕೇಳುತ್ತದೆ.

20 ಡಿಗ್ರಿಯಲ್ಲಿ ಸಾರಜನಕದ ಚೋಕ್ಡ್ ಹರಿವು ಚದರ ಮೀಟರಿಗೆ ಸೆಕೆಂಡಿಗೆ 0.00232 × ಒತ್ತಡ (ಪಾಸ್ಕಲ್‌ನಲ್ಲಿ) ಕಿಲೋಗ್ರಾಂ. 2,91,000 ಪಾಸ್ಕಲ್‌ಗೆ ಅದು ಸುಮಾರು 676. ನಿಮಿಷಕ್ಕೆ 5 ಸ್ಟ್ಯಾಂಡರ್ಡ್ ಲೀಟರ್ (0 ಡಿಗ್ರಿ, 101.3 ಕಿಲೋಪಾಸ್ಕಲ್‌ನಲ್ಲಿ ಅಳೆದ ಲೀಟರ್) ಅಂದರೆ 6.25 ಗ್ರಾಂ, ಸೆಕೆಂಡಿಗೆ 0.104 ಗ್ರಾಂ. ತೂತಿನ ಡಿಸ್ಚಾರ್ಜ್ ಗುಣಾಂಕ (ಲೆಕ್ಕದ ಹರಿವಿನಲ್ಲಿ ನಿಜಕ್ಕೂ ಹರಿಯುವ ಪಾಲು) 0.8 ಹಿಡಿದರೆ ಬೇಕಾದ ವಿಸ್ತೀರ್ಣ 0.193 ಚದರ ಮಿ.ಮೀ. ದುಂಡು ತೂತಾದರೆ ಅರ್ಧ ಮಿ.ಮೀ. ವ್ಯಾಸ. ಅಷ್ಟೇ.

ಈಗ ನಿಮ್ಮ ವಾಲ್ವ್ ನೋಡಿ. ಸೀಟಿನ (ಸೂಜಿ ಬಂದು ಕೂರುವ ಜಾಗದ) ತೂತು 4 ಮಿ.ಮೀ., ಸೂಜಿಯ ತುದಿ ಒಟ್ಟು 60 ಡಿಗ್ರಿಯ ಮೊಂಡು ಕೋನ, ಸ್ಪಿಂಡಲ್‌ನ ಪಿಚ್ (ಒಂದು ಸುತ್ತಿಗೆ ಸಾಗುವ ದೂರ) 1 ಮಿ.ಮೀ. ಅಂದುಕೊಳ್ಳೋಣ. 0.193 ಚದರ ಮಿ.ಮೀ. ತೆರೆಯಲು ಸೂಜಿ 0.031 ಮಿ.ಮೀ. ಎದ್ದರೆ ಸಾಕು. ಅಂದರೆ 11 ಡಿಗ್ರಿ, 200 ಸ್ಟೆಪ್‌ನ ಮೋಟರಿನಲ್ಲಿ 6 ಸ್ಟೆಪ್. ಇಡೀ 5 ಲೀಟರ್ ಆ 6 ಸ್ಟೆಪ್ಪಿನೊಳಗೆ ಮುಗಿಯಿತು. ಮೋಟರ್ ಬದಲಿಸಿ ಪ್ರಯೋಜನವಿಲ್ಲ, ಸೀಟು ಬದಲಿಸಿ.

ಕುಲುಮೆ_ಕೆಲಸ
6 ಸ್ಟೆಪ್! ನಾನು ನೋಡುತ್ತಿರುವುದೂ ಅದೇ. ಆದರೂ 1:50 ಗೇರ್ ಇದ್ದರೆ 300 ಸ್ಟೆಪ್ ಆಗುತ್ತದಲ್ಲ?

ಪೀಣ್ಯಲೇತ್
ಕಾಗದದ ಮೇಲೆ ಆಗುತ್ತೆ. ಸ್ಪಿಂಡಲ್‌ನ ಮರೆಯ (ಸ್ಕ್ರೂ ತ್ರೆಡ್‌ನ) ಪ್ಲೇ, ಅಂದರೆ ಸಡಿಲ, ಎಲ್ಲಿ ಹೋಗುತ್ತೆ? ಮಾರ್ಕೆಟ್‌ನ ಹಿತ್ತಾಳೆ ನೀಡಲ್ ವಾಲ್ವಿನ ಮರೆಯಲ್ಲಿ 0.05 ಮಿ.ಮೀ. ಅಕ್ಷದ ಪ್ಲೇ ಇದ್ದರೂ ಅದು ನಿಮ್ಮ ಇಡೀ 0.031 ಲಿಫ್ಟ್‌ಗಿಂತ ಜಾಸ್ತಿ. ಅದರ ಮೇಲೆ ಗೇರ್‌ಬಾಕ್ಸಿನ ಪ್ಲೇ ಬೇರೆ. ತೆರೆಯುವಾಗ ಒಂದು ಹರಿವು, ಮುಚ್ಚುವಾಗ ಅದೇ ಸ್ಟೆಪ್ಪಿಗೆ ಇನ್ನೊಂದು ಹರಿವು.

ಇನ್ನೊಂದು, ಸ್ಪಿಂಡಲ್ ತಿರುಗುತ್ತಾ ಮೇಲೇಳುತ್ತೆ, ಮೋಟರ್ ಶಾಫ್ಟ್ ಮೇಲೇಳಲ್ಲ. ನೇರವಾಗಿ ಕಪ್ಲಿಂಗ್ ಹಾಕಿ ಬಿಗಿದಿದ್ದರೆ ಮೋಟರಿನ ಬೇರಿಂಗ್ ಮೇಲೆ ಎಳೆತ ಬೀಳುತ್ತೆ. ಸ್ಪ್ರಿಂಗ್ ಥರ ಸೀಳಿದ ಅಲ್ಯೂಮಿನಿಯಂ ಕಪ್ಲಿಂಗ್ ಆದರೆ ಅದು ಹಿಗ್ಗಿ ಕುಗ್ಗಿ ಇನ್ನಷ್ಟು ಪ್ಲೇ ಕೊಡುತ್ತೆ. ಮೋಟರನ್ನು ಎರಡು 6 ಮಿ.ಮೀ. ರಾಡ್ ಮೇಲೆ ಎಲ್‌ಎಂ6ಯುಯು ಬೇರಿಂಗ್ (ರಾಡ್ ಮೇಲೆ ನೇರ ಜಾರುವಂಥದ್ದು) ಹಾಕಿ ತೇಲಲು ಬಿಡಿ. ರಾಡ್‌ಗಳು ತಿರುಗದಂತೆ ಹಿಡಿಯುತ್ತವೆ, ಮೇಲೆ ಕೆಳಗೆ ಹೋಗಲು ಬಿಡುತ್ತವೆ.

ಹರಿವುಮಾಪಕ
ಮೈಕ್ರೋಸ್ಟೆಪ್ಪಿನ ಜಿಗಿತಕ್ಕೂ ಕಾರಣ ಹೇಳಿಬಿಡುತ್ತೇನೆ, ಇಲ್ಲಿ ಬಹಳ ಜನ ಎಡವುತ್ತಾರೆ.

ಒಂದು ಮೈಕ್ರೋಸ್ಟೆಪ್ ಕೊಟ್ಟಾಗ ಮೋಟರ್ ತನ್ನ ಪೂರ್ತಿ ಟಾರ್ಕ್‌ನಲ್ಲಿ ತಳ್ಳುವುದಿಲ್ಲ. 1/16ರಲ್ಲಿ ಒಂದು ಮೈಕ್ರೋಸ್ಟೆಪ್ಪಿಗೆ ಸಿಗುವುದು ಹೋಲ್ಡಿಂಗ್ ಟಾರ್ಕಿನ ಶೇ. 9.8 ಮಾತ್ರ. 0.4 ನ್ಯೂಟನ್ ಮೀಟರ್ ಮೋಟರಿಗೆ ಅದು 0.039. ಗ್ಲ್ಯಾಂಡ್ ಪ್ಯಾಕಿಂಗಿನ (ಅನಿಲ ಸೋರದಂತೆ ಸ್ಪಿಂಡಲ್ ಸುತ್ತ ಬಿಗಿದ ತುಂಬಿನ) ಘರ್ಷಣೆ 0.12 ಇದ್ದರೆ ಮೂರು ಮೈಕ್ರೋಸ್ಟೆಪ್ ಸುಮ್ಮನೆ ನುಂಗಿಹೋಗುತ್ತವೆ, ನಾಲ್ಕನೆಯದಕ್ಕೆ ಸ್ಪಿಂಡಲ್ ಕದಲುತ್ತದೆ. ದಿಕ್ಕು ಬದಲಿಸಿದರೆ ಆರು ಮೈಕ್ರೋಸ್ಟೆಪ್ ನುಂಗುತ್ತವೆ. ನೀವು ಬರೆದ ಲಕ್ಷಣ ಇದೇ. 1/256ರಲ್ಲಿ ಸಿಗುವುದು ಶೇ. 0.6. ಅದರಿಂದ ಸದ್ದು ಕಡಿಮೆಯಾಗುತ್ತದೆ, ನಿಖರತೆ ಹೆಚ್ಚುವುದಿಲ್ಲ.

ಘರ್ಷಣೆ ಎಷ್ಟಿದೆ ಅಂತ ಊಹಿಸಬೇಡಿ, ಅಳೆಯಿರಿ. ಸ್ಪಿಂಡಲ್‌ಗೆ 50 ಮಿ.ಮೀ. ತೋಳು ಕಟ್ಟಿ ಲಗೇಜ್ ತೂಗುವ ತಕ್ಕಡಿಯಿಂದ ತೋಳಿಗೆ ಲಂಬವಾಗಿ ಎಳೆಯಿರಿ. ಕದಲಿದಾಗ 250 ಗ್ರಾಂ ತೋರಿಸಿದರೆ 0.25 × 9.81 × 0.05, ಅಂದರೆ 0.12 ನ್ಯೂಟನ್ ಮೀಟರ್.

ಹೊಸಬ_ಬಿಡಿಭಾಗ
28ಬಿವೈಜೆ-48 ಮೋಟರ್ ಆಗಲ್ವಾ ಸರ್? ಒಂದು ಸುತ್ತಿಗೆ 2048 ಸ್ಟೆಪ್ ಇದೆ, ಅಗ್ಗ ಕೂಡ.

ಪೀಣ್ಯಲೇತ್
ಟಾರ್ಕ್ ಸುಮಾರು 0.034. ಮೇಲಿನ 0.12ರ ಸ್ಪಿಂಡಲನ್ನು ಅದು ಅಲ್ಲಾಡಿಸಲ್ಲ. ಪ್ಲಾಸ್ಟಿಕ್ ಗೇರಿನ ಪ್ಲೇ ಕೈಗೇ ಗೊತ್ತಾಗುತ್ತೆ. ಹವ್ಯಾಸಕ್ಕೆ ಸರಿ, ಶೇ. 2ಕ್ಕೆ ಬೇಡ.

ಹರಿವುಮಾಪಕ
ಸೀಟಿನ ವಿಷಯಕ್ಕೆ ಬರೋಣ. ಬೇಕಾದ ಗರಿಷ್ಠ ಹರಿವಿನಲ್ಲಿ ತೂತಿನ ವಿಸ್ತೀರ್ಣದ ಶೇ. 40ರಷ್ಟು ತೆರೆದಿರಲಿ ಅಂತ ತೂತು ಆರಿಸಿ. 0.193ಕ್ಕೆ 0.8 ಮಿ.ಮೀ. ತೂತು ಸರಿಹೊಂದುತ್ತದೆ (0.503 ಚದರ ಮಿ.ಮೀ.). ಸೂಜಿ ಒಟ್ಟು 3 ಡಿಗ್ರಿ ಟೇಪರ್, ಅಂದರೆ ಅಕ್ಷದಿಂದ 1.5 ಡಿಗ್ರಿ.

ಪೂರ್ತಿ 5 ಲೀಟರಿಗೆ ಸುತ್ತಲ ಸಂದು 86 ಮೈಕ್ರಾನ್, ಲಿಫ್ಟ್ 3.28 ಮಿ.ಮೀ. ಪಿಚ್ 0.5 ಇದ್ದರೆ ಆರೂವರೆ ಸುತ್ತು, 1,300 ಸ್ಟೆಪ್ ಮೇಲೆ. ಸರಾಸರಿ ಒಂದು ಪೂರ್ಣ ಸ್ಟೆಪ್ಪಿಗೆ 3.8 ಮಿ.ಲೀ. ಗೇರ್ ಇಲ್ಲದೆಯೇ 6 ಸ್ಟೆಪ್ ಇದ್ದದ್ದು 1,300 ಆಯಿತು.

1.5 ಮಿ.ಮೀ. ತೂತು ಕೊರೆಯುವುದು ಸುಲಭ ಅಂತ ಆ ಕಡೆ ಹೋಗಬೇಡಿ. ಅಲ್ಲಿ ಶೇ. 5 ಹರಿವಿಗೆ ಸಂದು 2 ಮೈಕ್ರಾನ್ ಮಾತ್ರ ಉಳಿಯುತ್ತದೆ. 0.8ರಲ್ಲಿ ಹೆಚ್ಚುಕಡಿಮೆ 4. ಇಷ್ಟು ಸಣ್ಣ ಸಂದಿನಲ್ಲಿ ಮೇಲಿನ ಚೋಕ್ಡ್ ಸೂತ್ರ ನಡೆಯುವುದಿಲ್ಲ. ಅನಿಲ ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ, ಹರಿವು ಲೆಕ್ಕಕ್ಕಿಂತ ಕಡಿಮೆ ಬರುತ್ತದೆ, ಸಂದಿನ ಘನದ ಪ್ರಕಾರ ಏರುತ್ತದೆ. ಹಾಗಾಗಿ ಕೆಳಗಿನ ಹತ್ತನೇ ಒಂದು ಭಾಗಕ್ಕೆ ಸೂತ್ರ ಬೇಡ, ಎಷ್ಟು ಸ್ಟೆಪ್ಪಿಗೆ ಎಷ್ಟು ಹರಿವು ಅಂತ ಅಳೆದು ಮಾಡಿದ ಪಟ್ಟಿಯೇ ಬೇಕು. ಇಲ್ಲಿ ಒಂದು 7 ಮೈಕ್ರಾನ್ ಧೂಳಿನ ಕಣ ಸಿಕ್ಕಿಕೊಂಡರೂ ಆಟ ಮುಗಿಯಿತು. ವಾಲ್ವಿಗೆ ಮೊದಲು 2 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಸಿಂಟರ್ಡ್ ಫಿಲ್ಟರ್ ಕಡ್ಡಾಯ. ಪೈಪಿನ ಮರೆಗೆ ಸುತ್ತುವ ಟೆಫ್ಲಾನ್ ಟೇಪಿನ ಎಳೆಗಳು ಫಿಲ್ಟರ್ ಆದಮೇಲಿನ ಜಾಯಿಂಟ್‌ಗಳಲ್ಲಿ ಇರಲೇಬಾರದು. ಅಲ್ಲಿ ಫೆರೂಲ್ ಫಿಟ್ಟಿಂಗ್ ಹಾಕಿ.

ಪೀಣ್ಯಲೇತ್
ಸೂಜಿ ಮಾಡುವವರಿಗೆ: ತುದಿ ಚೂಪಾಗಿರಬೇಕಿಲ್ಲ. 5 ಲೀಟರ್ ಹರಿಯುವಾಗಲೂ ಸೀಟಿನ ಬಾಯಲ್ಲಿ ಸೂಜಿಯ ವ್ಯಾಸ 0.63 ಇರುತ್ತೆ. 0.85ರಿಂದ 0.55ಕ್ಕೆ ಇಳಿಯುವ ಟೇಪರ್ ಸಾಕು, ಉದ್ದ 5.7 ಮಿ.ಮೀ. 316 ಸ್ಟೀಲ್ ರಾಡ್, 3 ಮಿ.ಮೀ. ಲೇತ್‌ನಲ್ಲಿ ಟೂಲ್ ಹಾಕಿ ತಿರುಗಿಸಿದರೆ ಇಷ್ಟು ಸಪೂರ ಭಾಗ ಬಾಗುತ್ತೆ, ಗ್ರೈಂಡಿಂಗ್ ಮಾಡಿಸಿ. ಗೆರೆ ಉಳಿದರೆ 2000 ನಂಬರ್ ಎಮರಿ, ಆಮೇಲೆ ಪಾಲಿಶ್ ಪೇಸ್ಟ್.

ಸೀಟಿಗೆ ಪೀಕ್ ಪ್ಲಾಸ್ಟಿಕ್ ಅಥವಾ ಹಿತ್ತಾಳೆ. 0.75 ಡ್ರಿಲ್ ಹಾಕಿ 0.8ಕ್ಕೆ ರೀಮ್. ಬಾಯಿಯ ಅಂಚು ಚೂಪಾಗಿ, ಬರ್ ಇಲ್ಲದೆ ಇರಲಿ. ಸೂಜಿಯ ಗೈಡ್ ತೂತೂ ಸೀಟಿನ ತೂತೂ ಒಂದೇ ಸೆಟ್ಟಿಂಗ್‌ನಲ್ಲಿ ಕೊರೆಯಬೇಕು, ಚಕ್‌ನಿಂದ ತೆಗೆದು ತಿರುಗಿಸಿ ಹಿಡಿದರೆ ಸೆಂಟರ್ ಹೋಯ್ತು.

ಇನ್ನೊಂದು ಮುಖ್ಯ ಮಾತು. ಅಕ್ಷದಿಂದ 1.5 ಡಿಗ್ರಿ ಅಂದರೆ ಹೆಚ್ಚುಕಡಿಮೆ ಮೋರ್ಸ್ ಟೇಪರ್. ಲೇತಿನ ಟೇಲ್‌ಸ್ಟಾಕ್‌ನಲ್ಲಿ ಡ್ರಿಲ್ ಚಕ್ ಹೇಗೆ ಕಚ್ಚಿಕೊಂಡು ನಿಲ್ಲುತ್ತೋ ಹಾಗೆ ಈ ಸೂಜಿಯೂ ಸೀಟಿನಲ್ಲಿ ಕಚ್ಚಿಕೊಳ್ಳುತ್ತೆ. ಮೋಟರ್ ಒಮ್ಮೆ ಜೋರಾಗಿ ಒತ್ತಿದರೆ ಪೀಕ್ ಸೀಟಿನ ಬಾಯಿ ಅಗಲವಾಗುತ್ತೆ, ಹಿತ್ತಾಳೆ ಆದರೆ ಉಂಗುರದ ಗೆರೆ ಬೀಳುತ್ತೆ. ಆಮೇಲೆ ನಿಮ್ಮ ಪಟ್ಟಿ ಎಲ್ಲ ಸುಳ್ಳು. ಸೂಜಿ ಸೀಟಿಗೆ ತಾಗುವ 0.05 ಮಿ.ಮೀ. ಮೊದಲೇ ಒಂದು ಗಟ್ಟಿ ಸ್ಟಾಪ್ ಸಿಗಬೇಕು. ಹಾಗಾಗಿ ಈ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಮುಚ್ಚಲೂಬಾರದು. ಮುಚ್ಚುವ ಕೆಲಸಕ್ಕೆ ಬೇರೆ ಒಂದು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವಂಥದ್ದು) ಹಾಕಿ.

ಕುಲುಮೆ_ಕೆಲಸ
0.5 ಪಿಚ್ ಮರೆಯನ್ನು ಪ್ಲೇ ಇಲ್ಲದಂತೆ ಮಾಡಿಸುವುದು ಕಷ್ಟ ಅನ್ನಿಸುತ್ತಿದೆ. ಎಂ5ರ ಫೈನ್ ಟ್ಯಾಪ್ (ಮರೆ ಕೊರೆಯುವ ಉಪಕರಣ) ಸಾಕೆ?

ಪೀಣ್ಯಲೇತ್
ಟ್ಯಾಪ್ ಯಾಕೆ, ಮೈಕ್ರೋಮೀಟರ್ ಹೆಡ್ ತಗೊಳ್ಳಿ. 0ರಿಂದ 13 ಮಿ.ಮೀ. ಹೆಡ್, ಪಿಚ್ 0.5. ಇದಕ್ಕಿಂತ ಒಳ್ಳೆಯ ಮರೆಯನ್ನು ಅದೇ ದುಡ್ಡಿಗೆ ಯಾವ ವರ್ಕ್‌ಶಾಪೂ ಮಾಡಿಕೊಡಲ್ಲ.

ಸೂಜಿಯನ್ನು ಅದಕ್ಕೆ ಅಂಟಿಸಬೇಡಿ. ಸೂಜಿ ಒಂದು ಸಣ್ಣ ಕ್ಯಾರೇಜ್ ಮೇಲೆ ಕೂರಲಿ, ಒಂದು ಪಿನ್ ಅದನ್ನು ತಿರುಗದಂತೆ ಹಿಡಿಯಲಿ. ಮೈಕ್ರೋಮೀಟರ್ ಮೂತಿ ಅದನ್ನು ಮುಚ್ಚುವ ಕಡೆ ತಳ್ಳುತ್ತೆ, ಸ್ಪ್ರಿಂಗ್ ತೆರೆಯುವ ಕಡೆ ತಳ್ಳುತ್ತೆ. ಸ್ಪ್ರಿಂಗ್ ಬಲ 10ರಿಂದ 15 ನ್ಯೂಟನ್ ಇದ್ದರೆ ಸೂಜಿಯ ಸುತ್ತ ಅನಿಲ ಸೋರದಂತೆ ಹಾಕುವ ಓ-ರಿಂಗಿನ ಹಿಡಿತ ಮೀರಿ ಕ್ಯಾರೇಜ್ ಯಾವಾಗಲೂ ಮೂತಿಗೆ ಒತ್ತಿಕೊಂಡೇ ಇರುತ್ತೆ. ಪ್ಲೇ ಕತೆ ಮುಗಿಯಿತು. ಸೂಜಿ ತಿರುಗದ್ದರಿಂದ ಸೀಟನ್ನೂ ಉಜ್ಜಲ್ಲ.

ಥಿಂಬಲ್ (ಮೈಕ್ರೋಮೀಟರಿನ ತಿರುಗಿಸುವ ಹಿಡಿ) ತಿರುಗುತ್ತಾ ಮುಂದೆ ಹೋಗುತ್ತೆ, ಅದಕ್ಕೆ ಮೇಲೆ ಹೇಳಿದ ತೇಲುವ ಮೋಟರ್ ಹಾಗೇ ಇರಲಿ.

ಹರಿವುಮಾಪಕ
ಇದು ಸರಿಯಾದ ದಾರಿ. ಟಾರ್ಕ್ ಲೆಕ್ಕವೂ ಹಗುರಾಗುತ್ತದೆ. 15 ನ್ಯೂಟನ್, 0.5 ಪಿಚ್: ಘರ್ಷಣೆಯೇ ಇಲ್ಲದಿದ್ದರೆ 0.0012 ನ್ಯೂಟನ್ ಮೀಟರ್. ಮರೆಯ ದಕ್ಷತೆ ಶೇ. 20 ಅಂದುಕೊಂಡರೂ 0.006. ಅನಿಲ ಸೂಜಿಯನ್ನು ತಳ್ಳುವ ಬಲ ಲೆಕ್ಕಕ್ಕೇ ಇಲ್ಲ, 0.8 ಮಿ.ಮೀ. ತೂತಿಗೆ 2 ಬಾರ್ ಅಂದರೆ 0.1 ನ್ಯೂಟನ್.

ನೆಮಾ 17ಕ್ಕೆ ಈಗ 1.7 ಆಂಪಿಯರ್ ಬೇಡ. 0.5 ಸಾಕು. ಟಾರ್ಕ್ 0.12ಕ್ಕೆ ಇಳಿಯುತ್ತದೆ, ಆದರೂ 1/4 ಮೈಕ್ರೋಸ್ಟೆಪ್ಪಿಗೆ 0.045 ಸಿಗುತ್ತದೆ, ಬೇಕಾದ್ದಕ್ಕಿಂತ ಏಳು ಪಟ್ಟು. ಹಾಗಾಗಿ 1/4 ಸ್ಟೆಪ್ಪನ್ನು ನಂಬಬಹುದು. ಅಂದರೆ ನಿಮಿಷಕ್ಕೆ ಸುಮಾರು 1 ಮಿ.ಲೀ. ನಿಮ್ಮ ಕನಿಷ್ಠ 250ಕ್ಕೆ ಶೇ. 2 ಅಂದರೆ 5 ಮಿ.ಲೀ.

ಕರೆಂಟ್ ಇಳಿಸುವುದಕ್ಕೆ ಇನ್ನೊಂದು ಕಾರಣ ಬಿಸಿ. ಮೋಟರ್ 30 ಡಿಗ್ರಿ ಏರಿ ಆ ಬಿಸಿ 40 ಮಿ.ಮೀ. ಸೂಜಿಗೆ ಇಳಿದರೆ ಅದು 20 ಮೈಕ್ರಾನ್ ಉದ್ದವಾಗುತ್ತದೆ. ಸಂದಿನ ಲೆಕ್ಕದಲ್ಲಿ ಅರ್ಧ ಮೈಕ್ರಾನ್. ದೊಡ್ಡ ಹರಿವಿನಲ್ಲಿ ಗೊತ್ತೇ ಆಗುವುದಿಲ್ಲ, 4 ಮೈಕ್ರಾನ್ ಸಂದಿನಲ್ಲಿ ಎಂಟನೇ ಒಂದು ಪಾಲು ಹೋಯಿತು. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಸರಿಯಿಲ್ಲ ಅಂತ ದೂರುವವರ ಅರ್ಧ ಸಮಸ್ಯೆ ಇದೇ. ಟಿಎಂಸಿ2209 ಡ್ರೈವರ್ ಹಾಕಿ ನಿಂತಾಗಿನ ಕರೆಂಟನ್ನು ಓಡುವಾಗಿನದರ ಶೇ. 30ಕ್ಕೆ ಇಳಿಸಿ. 0.5 ಪಿಚ್ ಮರೆ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ.

ಕರಾವಳಿ_ಕಂಟ್ರೋಲ್
ಹೋಮಿಂಗ್ (ಮೋಟರಿಗೆ ಸೊನ್ನೆಯ ಜಾಗ ಗುರುತಿಸಿಕೊಡುವುದು) ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಟಿಎಂಸಿ2209ರ ಸ್ಟಾಲ್‌ಗಾರ್ಡ್ (ಮೋಟರ್ ತಡೆದು ನಿಂತದ್ದನ್ನು ಗುರುತಿಸುವ ಸೌಲಭ್ಯ) ಉಂಟಲ್ಲ, ಸೀಟಿಗೆ ತಾಗಿಸಿ ಸೊನ್ನೆ ಮಾಡುವ ಅಂತ ಹೊರಡಬೇಡಿ. ಒಂದು, ಮೆಲ್ಲ ತಿರುಗುವಾಗ ಅದು ಸರಿಯಾಗಿ ಗುರುತಿಸುವುದಿಲ್ಲ. ಎರಡು, ಮೋರ್ಸ್ ಟೇಪರ್ ಮಾತು ಈಗಷ್ಟೇ ಆಯಿತು. ತೆರೆಯುವ ಕಡೆಯ ಕೊನೆಯಲ್ಲಿ ಒಂದು ಆಪ್ಟಿಕಲ್ ಇಂಟರಪ್ಟರ್ (ಬೆಳಕಿಗೆ ಅಡ್ಡ ಬಂದದ್ದನ್ನು ಗುರುತಿಸುವ ಸ್ವಿಚ್) ಇಡಿ, ಕ್ಯಾರೇಜ್‌ಗೆ ಒಂದು ತೆಳು ತಗಡು. ಹೋಮಿಂಗ್ ಆಗುವಾಗ ಸೊಲೆನಾಯ್ಡ್ ಮುಚ್ಚಿರಬೇಕು, ಇಲ್ಲದಿದ್ದರೆ ಪೂರ್ತಿ ತೆರೆದ ವಾಲ್ವಿನಿಂದ ಫರ್ನೇಸ್‌ಗೆ ಒಮ್ಮೆಲೇ ಸಾರಜನಕ ನುಗ್ಗಿ ಬಬ್ಲರಿನ ಎಣ್ಣೆ ಎಲ್ಲ ಹೊರಗೆ.

ಈಗ ನಿಮ್ಮ ಕೋಡ್ ಹೇಗೆ ಉಂಟು? ಪಿಐಡಿಯ (ದೋಷ ನೋಡಿ ಸರಿಮಾಡುವ ನಿಯಂತ್ರಣ ಸೂತ್ರದ) ಉತ್ತರ ಏನು, ವಾಲ್ವ್ ಎಲ್ಲಿರಬೇಕು ಅಂತಲೋ, ಎಷ್ಟು ಸ್ಟೆಪ್ ಸರಿಯಬೇಕು ಅಂತಲೋ?

ಕುಲುಮೆ_ಕೆಲಸ
ಎಷ್ಟು ಸ್ಟೆಪ್ ಸರಿಯಬೇಕು ಅಂತ. ಪಿ (ದೋಷಕ್ಕೆ ತಕ್ಕಷ್ಟು ಸರಿಸುವ ಭಾಗ) ಮತ್ತು ಐ (ದೋಷವನ್ನು ಕೂಡಿಡುತ್ತಾ ಹೋಗುವ ಭಾಗ) ಎರಡೂ ಇದೆ. ಹರಿವು ನಿಲ್ಲುವುದಿಲ್ಲ, 1 ಲೀಟರಿನ ಸುತ್ತ ಏರುತ್ತಾ ಇಳಿಯುತ್ತಾ ಇರುತ್ತದೆ. ಐ ಜಾಸ್ತಿ ಮಾಡಿದಷ್ಟೂ ಕೆಟ್ಟದಾಗುತ್ತದೆ.

ಕರಾವಳಿ_ಕಂಟ್ರೋಲ್
ಹಾಗಾದರೆ ಆಗುವುದೇ ಹಾಗೆ. ಸರಿದ ಸ್ಟೆಪ್‌ಗಳನ್ನು ಮೋಟರ್ ತಾನೇ ಕೂಡಿಟ್ಟುಕೊಳ್ಳುತ್ತದೆ, ಅದೇ ಒಂದು ಇಂಟಿಗ್ರೇಟರ್. ಅದರ ಮೇಲೆ ನೀವು ಐ ಹಾಕಿದರೆ ಇಂಟಿಗ್ರೇಟರ್ ಎರಡಾಯಿತು, ತೂಗಾಡುವುದು ಖಂಡಿತ. ಐ ತೆಗೆಯಿರಿ. ಬರೇ ಪಿ ಸಾಕು, ಉಳಿಕೆ ದೋಷ ತಾನಾಗಿ ಸೊನ್ನೆಗೆ ಬರ್ತದೆ.

100 ಮಿಲಿಸೆಕೆಂಡಿಗೊಮ್ಮೆ: ಸರಿಯಬೇಕಾದ ಸ್ಟೆಪ್ = 0.2 × ದೋಷ ÷ ಆ ಜಾಗದ ಇಳಿಜಾರು. ಇಳಿಜಾರು ಅಂದರೆ ಒಂದು ಸ್ಟೆಪ್ಪಿಗೆ ಎಷ್ಟು ಮಿ.ಲೀ. ಅಂತ ನಿಮ್ಮ ಅಳತೆ ಪಟ್ಟಿಯಿಂದ. ಈ ಭಾಗಾಕಾರ ಬಿಟ್ಟರೆ ಮೇಲೆ ಸರಿಯಿದ್ದ ಗೇನ್ ಕೆಳಗೆ ಸೋಮಾರಿಯಾಗ್ತದೆ, ಕೆಳಗೆ ಸರಿ ಮಾಡಿದರೆ ಮೇಲೆ ತೂಗಾಡ್ತದೆ. 0.2ರಲ್ಲಿ ಲೂಪಿನ ಕಾಲಮಾನ ಅರ್ಧ ಸೆಕೆಂಡ್ ಬರ್ತದೆ, ಸೆನ್ಸರಿಗೆ ಅದು ಧಾರಾಳ.

ಡೆಡ್‌ಬ್ಯಾಂಡ್ ಇಡಿ: ಇಟ್ಟ ಅಂಕೆಯ ಶೇ. 0.5 ಅಥವಾ 3 ಮಿ.ಲೀ., ಯಾವುದು ದೊಡ್ಡದೋ ಅದು. ಅದರೊಳಗೆ ಮೋಟರ್ ಮುಟ್ಟಬಾರದು. ಇಲ್ಲದಿದ್ದರೆ ಸೆನ್ಸರಿನ ಗದ್ದಲಕ್ಕೆ ಮೋಟರ್ ದಿನವಿಡೀ ಕುಟ್ಟುತ್ತಾ ಓ-ರಿಂಗ್ ಸವೆಸ್ತದೆ.

ಹೊಸ ಅಂಕೆ ಕೊಟ್ಟಾಗ ಮೊದಲು ಪಟ್ಟಿ ನೋಡಿ ಅದರ ಶೇ. 95ಕ್ಕೆ ನೇರ ಹೋಗಿ, ಆಮೇಲೆ ಲೂಪ್ ಬಿಡಿ. ಸೆಕೆಂಡಿಗೆ 400 ಸ್ಟೆಪ್ ವೇಗದಲ್ಲಿ ಇಡೀ ಲಿಫ್ಟ್ ಮೂರೂಕಾಲು ಸೆಕೆಂಡ್.

ತೂಗಾಟ ಹೋಗದಿದ್ದರೆ ಲೂಪ್ ನಿಲ್ಲಿಸಿ, ಮೋಟರ್ ಇದ್ದಲ್ಲೇ ಇರಲಿ. ಆಗಲೂ ಹರಿವು ಏರಿಳಿದರೆ ತಪ್ಪು ರೆಗ್ಯುಲೇಟರಿನದ್ದು, ಕೋಡಿನದ್ದಲ್ಲ.

ಹರಿವುಮಾಪಕ
ರೆಗ್ಯುಲೇಟರ್ ಬಗ್ಗೆ ಒತ್ತಿ ಹೇಳಬೇಕು. ಚೋಕ್ಡ್ ಹರಿವಿನಲ್ಲಿ ಮೇಲಿನ ಒತ್ತಡ ಶೇ. 1 ಬದಲಾದರೆ ಹರಿವೂ ಶೇ. 1 ಬದಲು. ಒಂದೇ ಹಂತದ ರೆಗ್ಯುಲೇಟರಿನಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಹೋದಂತೆ ಹೊರಬರುವ ಒತ್ತಡ ನಿಧಾನ ಏರುತ್ತದೆ. 0.1 ಬಾರ್ ಏರಿದರೂ 2.91ರಲ್ಲಿ ಶೇ. 3.4. ಎರಡು ಹಂತದ ರೆಗ್ಯುಲೇಟರ್ ಹಾಕಿ, ಇಲ್ಲವೇ ಈಗಿನದನ್ನು 4 ಬಾರ್‌ಗಿಟ್ಟು ಅದರ ನಂತರ ಒಂದು ಸಣ್ಣ ಪ್ರಿಸಿಶನ್ ಏರ್ ರೆಗ್ಯುಲೇಟರ್ 2 ಬಾರ್‌ಗೆ ಹಾಕಿ. ಲೂಪ್ ಇದೆಯಲ್ಲ, ಸರಿಮಾಡಿಕೊಳ್ಳುತ್ತದೆ ಅನ್ನಬಹುದು. ಸರಿಮಾಡಿಕೊಳ್ಳುತ್ತದೆ, ಆದರೆ ನಿಮ್ಮ ಪಟ್ಟಿ ದಿನಕ್ಕೊಂದು ಆಗುತ್ತದೆ.

ಇದೇ ಕಾರಣಕ್ಕೆ ಬೆಂಗಳೂರಿನಲ್ಲಿ ಮಾಡಿದ ಪಟ್ಟಿಯನ್ನು ಮಂಗಳೂರಿಗೆ ಒಯ್ದರೆ ಅದೇ ಗೇಜ್ 2 ಬಾರ್‌ಗೆ ಹರಿವು ಶೇ. 3ಕ್ಕಿಂತ ಹೆಚ್ಚು ಬರುತ್ತದೆ. ಗೇಜ್ ಅಳೆಯುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ.

ಸೆನ್ಸರ್ ಜಾಗ: ವಾಲ್ವಿಗಿಂತ ಮೊದಲು ಇಟ್ಟರೆ ಫರ್ನೇಸಿನ ಆವಿ ಅದಕ್ಕೆ ತಲುಪುವುದಿಲ್ಲ. ಒತ್ತಡದ ಮಿತಿಯನ್ನು ಡೇಟಾಶೀಟಿನಲ್ಲಿ ನೋಡಿಕೊಂಡು ಹಾಗೇ ಮಾಡಿ. ಆದರೆ ಸೆನ್ಸರ್ ಮತ್ತು ವಾಲ್ವಿನ ನಡುವಿನ ಕೊಳವೆ ಗಿಡ್ಡ ಇರಲಿ. 4 ಮಿ.ಮೀ. ಒಳವ್ಯಾಸದ 300 ಮಿ.ಮೀ. ಕೊಳವೆಯಲ್ಲಿ 3.8 ಮಿ.ಲೀ. ಜಾಗ ಇದೆ. ಒತ್ತಡ 0.1 ಬಾರ್ ಜಿಗಿದರೆ ಆ ಕೊಳವೆ ತುಂಬಲು ಹೋದ ಅನಿಲವನ್ನೂ ಸೆನ್ಸರ್ ಹರಿವು ಅಂತಲೇ ಎಣಿಸುತ್ತದೆ.

ಊನೊದ 10 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕೆಯಾಗಿಸುವ ಭಾಗ) ಸಾಲದು. ಸೆನ್ಸರಿನ 1ರಿಂದ 5 ವೋಲ್ಟ್ 5 ಲೀಟರಿಗೆ ಹಂಚಿದರೆ 1 ಮಿ.ಲೀ.ಗೆ 0.8 ಮಿಲಿವೋಲ್ಟ್. ಊನೊದ ಒಂದು ಮೆಟ್ಟಿಲು 4.9 ಮಿಲಿವೋಲ್ಟ್, ಅಂದರೆ 6 ಮಿ.ಲೀ. ಎಡಿಎಸ್1115 ಎಡಿಸಿ ಚಿಪ್ ಹಾಕಿ, 6.144 ವೋಲ್ಟ್ ರೇಂಜಿನಲ್ಲಿ ಮೆಟ್ಟಿಲು 0.1875 ಮಿಲಿವೋಲ್ಟ್. ಅದಕ್ಕೆ 5 ವೋಲ್ಟ್ ಸಪ್ಲೈ ಕೊಡಿ, ಇನ್‌ಪುಟ್ ಸಪ್ಲೈಗಿಂತ 0.3 ವೋಲ್ಟ್ ಮೇಲೆ ಹೋಗಬಾರದು. ಸೆಕೆಂಡಿಗೆ 128 ಸ್ಯಾಂಪಲ್‌ನಲ್ಲಿ 8ರ ಸರಾಸರಿ ತೆಗೆದರೆ 100 ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಮುಂದೆ ಇಎಸ್‌ಪಿ32ಗೆ ಬದಲಾದರೆ ನಡುವೆ ಲೆವೆಲ್ ಶಿಫ್ಟರ್ ಬೇಕು.

ಧಾರವಾಡ_ಫ್ರಿಜ್
ಇಷ್ಟೆಲ್ಲಾ ಕೊರದು ತಿರುವೋದಕ್ಕಿಂತ ಒಂದ ತಯಾರ ಸಾಮಾನು ಐತಿ ನೋಡ್ರಿ. ಇನ್ವರ್ಟರ್ ಎಸಿಯೊಳಗ ಇರೋ ಎಲೆಕ್ಟ್ರಾನಿಕ್ ಎಕ್ಸ್‌ಪಾನ್ಶನ್ ವಾಲ್ವ್. ಅದೂ ಸ್ಟೆಪ್ಪರ್ ಸೂಜಿ ವಾಲ್ವೇ. 12 ವೋಲ್ಟ್ ಕಾಯಿಲ್, ಸಾಮಾನ್ಯವಾಗಿ ಪೂರ್ತಿ ತೆರೀಲಿಕ್ಕೆ 500 ಪಲ್ಸ್. ಕಾಯಿಲ್ ಹೊರಗ, ರೋಟರ್ ಮುಚ್ಚಿದ ಕೊಳವಿ ಒಳಗ. ಗ್ಲ್ಯಾಂಡ್ ಇಲ್ಲ, ಓ-ರಿಂಗ್ ಇಲ್ಲ, ಹೊರಗ ಲೀಕ್ ಆಗೋ ಮಾತೇ ಇಲ್ಲ. ಹೋಮಿಂಗಿಗೆ ಸ್ವಿಚ್ಚೂ ಬ್ಯಾಡ, 500ಕ್ಕಿಂತ ಸ್ವಲ್ಪ ಜಾಸ್ತಿ ಪಲ್ಸ್ ಮುಚ್ಚೋ ಕಡಿ ಕೊಟ್ಟರ ಒಳಗಿನ ಸ್ಟಾಪಿಗೆ ತಾಗಿ ನಿಲ್ತೈತಿ. ಅದನ್ನ ಹಂಗ ಮಾಡಲಿಕ್ಕೇ ಕಟ್ಟ್ಯಾರ.

ಹರಿವುಮಾಪಕ
ಒಳ್ಳೆಯ ಮಾತು. ನಿಮಿಷಕ್ಕೆ 10–20 ಮಿ.ಲೀ. ಮೆಟ್ಟಿಲು ನಡೆಯುತ್ತದೆ ಅನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇವರ ಕೆಲಸಕ್ಕೆ ಎರಡು ಅಡ್ಡಿ. ತೂತು 1.3 ಮಿ.ಮೀ. ಅಥವಾ ಮೇಲೆ, ಹಾಗಾಗಿ 5 ಲೀಟರ್ 500 ಪಲ್ಸ್‌ನ ಸಣ್ಣ ಭಾಗದಲ್ಲೇ ಮುಗಿಯುತ್ತದೆ. ದಿಕ್ಕು ಬದಲಿಸಿದಾಗ ಕೆಲವು ಪಲ್ಸ್ ಕಳೆದುಹೋಗುತ್ತವೆ. ಒತ್ತಡವನ್ನು 0.5 ಬಾರ್‌ಗೆ ಇಳಿಸಿದರೆ ಹೆಚ್ಚು ಪಲ್ಸ್ ಸಿಗುತ್ತವೆ, ಆದರೆ ಚೋಕ್ ತಪ್ಪಿ ಬಬ್ಲರ್ ಹೇಳಿದಂತೆ ಹರಿವು ಕುಣಿಯುತ್ತದೆ.

ಧಾರವಾಡ_ಫ್ರಿಜ್
ಖರೇ ಐತಿ. ಮತ್ತ ಹಳೇ ಎಸಿಯಿಂದ ಬಿಚ್ಚಿದ್ದ ಆದರ ಒಳಗ ಕಂಪ್ರೆಸರ್ ಎಣ್ಣಿ ಇರ್ತೈತಿ. ಆಕ್ಸಿಜನ್ ಲೈನಿಗೆ ಮಾತ್ರ ಯಾವತ್ತೂ ಹಾಕಬ್ಯಾಡ್ರಿ, ಹೊತ್ತಿಕೊಳ್ತೈತಿ.

ಹೊಸಬ_ಬಿಡಿಭಾಗ
ಇದೇ ವಾಲ್ವನ್ನು ಎಲ್‌ಪಿಜಿ ಒಲೆಗೆ ಹಾಕಿ ಉರಿಯನ್ನು ಮೊಬೈಲ್‌ನಿಂದ ಹೆಚ್ಚು ಕಡಿಮೆ ಮಾಡಬಹುದಾ ಸರ್?

ಹರಿವುಮಾಪಕ
ಬೇಡ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್ ಮಾತ್ರ, ಮೇಲಿನ ಒಂದು ಲೆಕ್ಕವೂ ಅಲ್ಲಿ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯ, ಉರಿ ಕಡಿಮೆಯಾಗಿ ಆರಿಹೋದರೆ ವಾಲ್ವ್ ತೆರೆದೇ ಇರುತ್ತದೆ. ಕರೆಂಟ್ ಹೋದರೂ ಸ್ಟೆಪ್ಪರ್ ಇದ್ದಲ್ಲೇ ನಿಲ್ಲುತ್ತದೆ. ಗಾಳಿಗಿಂತ ಭಾರವಾದ ಗ್ಯಾಸ್ ನೆಲದಲ್ಲಿ ತುಂಬಿಕೊಳ್ಳುತ್ತದೆ. ಬರ್ನರ್‌ಗೆ ಇಎನ್ 161ರಂಥ ಮಾನದಂಡ ಪಾಸಾದ ಶಟ್-ಆಫ್ ವಾಲ್ವ್, ಜ್ವಾಲೆ ಇದೆಯೇ ಅಂತ ನೋಡುವ ಸಾಧನ ಎರಡೂ ಬೇಕು. ಮನೆಯಲ್ಲಿ ಕಟ್ಟುವ ವಸ್ತು ಅದಲ್ಲ.

ಅನಿಲ ಬದಲಿಸುವ ಉಳಿದವರಿಗೂ ಎರಡು ಮಾತು. ಅಮೋನಿಯಾಗೆ ಹಿತ್ತಾಳೆ ಆಗದು, ಪೂರ್ತಿ ಸ್ಟೀಲ್ ಬೇಕು. ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್, ಪಾಲಿಶ್ ಪೇಸ್ಟಿನ ಪಸೆ ಏನೂ ಇರಬಾರದು. ಸೆನ್ಸರ್ ಸಾರಜನಕಕ್ಕೆ ಕ್ಯಾಲಿಬ್ರೇಟ್ ಆಗಿದ್ದರೆ ಆರ್ಗಾನ್‌ಗೆ ಸುಮಾರು 1.4, ಇಂಗಾಲದ ಡೈಆಕ್ಸೈಡ್‌ಗೆ ಸುಮಾರು 0.7ರಿಂದ ಗುಣಿಸಬೇಕು, ಸರಿಯಾದ ಅಂಕೆ ಆಯಾ ಸೆನ್ಸರಿನ ಡೇಟಾಶೀಟಿನಲ್ಲಿ ಇರುತ್ತದೆ.

ಕುಲುಮೆ_ಕೆಲಸ
ಪಟ್ಟಿ ಮಾಡಲು ಸೆನ್ಸರನ್ನೇ ನಂಬಲೇ, ಅಥವಾ ಬೇರೆ ದಾರಿ ಇದೆಯೇ? ನೀರಿನಲ್ಲಿ ಬೋರಲು ಹಾಕಿದ 1 ಲೀಟರ್ ಅಳತೆ ಜಾಡಿ ತುಂಬುವ ಸಮಯ ನೋಡಿದರೆ ಸೆನ್ಸರಿಗಿಂತ ಶೇ. 20ಕ್ಕೂ ಹೆಚ್ಚು ಜಾಸ್ತಿ ಬರುತ್ತಿದೆ.

ಹರಿವುಮಾಪಕ
ಎರಡೂ ಸರಿ ಇರಬಹುದು. ಸೆನ್ಸರ್ ಹೇಳುವುದು 0 ಡಿಗ್ರಿ, 101.3 ಕಿಲೋಪಾಸ್ಕಲ್‌ನ ಸ್ಟ್ಯಾಂಡರ್ಡ್ ಲೀಟರ್. ಜಾಡಿಯಲ್ಲಿರುವುದು ಬೆಂಗಳೂರಿನ 91 ಕಿಲೋಪಾಸ್ಕಲ್, 25 ಡಿಗ್ರಿಯ, ನೀರಾವಿ ಸೇರಿದ ಲೀಟರ್. 25 ಡಿಗ್ರಿಯಲ್ಲಿ ನೀರಾವಿಯ ಒತ್ತಡ 3.17. ಹಾಗಾಗಿ (91 − 3.17) ÷ 101.3 × 273 ÷ 298, ಅಂದರೆ 0.794. ಜಾಡಿಯ 1 ಲೀಟರ್ ಅಂದರೆ 0.794 ಸ್ಟ್ಯಾಂಡರ್ಡ್ ಲೀಟರ್. ಸಮಯ ನಿಲ್ಲಿಸುವಾಗ ಜಾಡಿಯ ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಇರುವಂತೆ ಹಿಡಿಯಿರಿ.

ಕೆಲವು ಕಂಪನಿಗಳು ಸ್ಟ್ಯಾಂಡರ್ಡ್ ಅಂದರೆ 20 ಡಿಗ್ರಿ ಅನ್ನುತ್ತವೆ. ಅಲ್ಲೇ ಶೇ. 7.3 ವ್ಯತ್ಯಾಸ. ಡೇಟಾಶೀಟಿನ ಕೆಳಗಿನ ಸಣ್ಣ ಅಕ್ಷರ ಓದಿ.

ಪಟ್ಟಿಗೆ 20 ಬಿಂದು ಸಾಕು, ಆದರೆ ಅರ್ಧದಷ್ಟು ಕೆಳಗಿನ 1 ಲೀಟರಿನೊಳಗೆ ಇರಲಿ. ಎಲ್ಲ ಬಿಂದುಗಳನ್ನೂ ತೆರೆಯುತ್ತಾ ಒಮ್ಮೆ, ಮುಚ್ಚುತ್ತಾ ಒಮ್ಮೆ ತೆಗೆಯಿರಿ. ಎರಡರ ನಡುವೆ 2 ಸ್ಟೆಪ್ಪಿಗಿಂತ ಹೆಚ್ಚು ಅಂತರ ಕಂಡರೆ ಸ್ಪ್ರಿಂಗ್ ಸಾಲದು ಅಥವಾ ಓ-ರಿಂಗ್ ಬಿಗಿ ಅಂತ ಅರ್ಥ.

ಅದಕ್ಕೂ ಮೊದಲು ಲೀಕ್ ಪರೀಕ್ಷೆ. ಫರ್ನೇಸ್ ಕಡೆಯ ಪೈಪ್ ಬಿಚ್ಚಿ ವಾಲ್ವಿನ ಹೊರಬಾಯಿಗೆ ಪ್ಲಗ್ ಹಾಕಿ, 2 ಬಾರ್ ತುಂಬಿ, ಸಿಲಿಂಡರ್ ಕಡೆ ಮುಚ್ಚಿ. ಒಳಗಿನ ಜಾಗ 50 ಮಿ.ಲೀ. ಇದ್ದು 10 ನಿಮಿಷಕ್ಕೆ 10 ಮಿಲಿಬಾರ್ ಇಳಿದರೆ ಸೋರಿಕೆ ನಿಮಿಷಕ್ಕೆ 0.05 ಮಿ.ಲೀ., ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಸೋಪುನೀರು.

ಕುಲುಮೆ_ಕೆಲಸ
ಕೊನೆಯ ಪ್ರಶ್ನೆ. ಸೊಲೆನಾಯ್ಡ್ ಕರೆಂಟ್ ಹೋದಾಗ ಮುಚ್ಚುವುದೋ, ತೆರೆಯುವುದೋ? ಕರೆಂಟ್ ಹೋದಾಗ ಫರ್ನೇಸ್ 900 ಡಿಗ್ರಿಯಲ್ಲಿದ್ದರೆ ಸಾರಜನಕ ನಿಂತು ಸ್ಯಾಂಪಲ್ ಸುಟ್ಟುಹೋಗುತ್ತದೆ.

ಕರಾವಳಿ_ಕಂಟ್ರೋಲ್
ಸ್ಯಾಂಪಲ್ ಹೋದದ್ದು ದೊಡ್ಡದಲ್ಲ, ಬಬ್ಲರ್ ನೋಡಿ. ಹರಿವು ನಿಂತು ಟ್ಯೂಬ್ ತಣ್ಣಗಾದರೆ ಒಳಗಿನ ಅನಿಲ ಕುಗ್ಗಿ ಎಣ್ಣೆಯನ್ನು ಬಿಸಿ ಟ್ಯೂಬಿನ ಕಡೆ ಎಳೆಯುತ್ತದೆ.

ಹರಿವುಮಾಪಕ
ಹಾಗಂತ ತೆರೆದುಕೊಳ್ಳುವ ಸೊಲೆನಾಯ್ಡ್ ಹಾಕಿ ಸಿಲಿಂಡರನ್ನು ಕೋಣೆಗೆ ಬಿಡುವುದೂ ಆಗದು. 7 ಘನಮೀಟರ್ ಸಾರಜನಕ 3 × 3 × 3 ಮೀಟರ್ ಮುಚ್ಚಿದ ಕೋಣೆಗೆ ಹೋದರೆ ಆಕ್ಸಿಜನ್ ಶೇ. 16ರ ಹತ್ತಿರ ಇಳಿಯುತ್ತದೆ. ಎಚ್ಚರಿಕೆಯ ಗಡಿ 19.5. ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಬಬ್ಲರಿನ ಹೊರದಾರಿಯನ್ನು ಕೊಳವೆ ಹಾಕಿ ಕಟ್ಟಡದ ಹೊರಗೆ ಬಿಡಿ, ಕೋಣೆಯಲ್ಲಿ ಆಕ್ಸಿಜನ್ ಅಲಾರಂ ಇರಲಿ.

ಸೊಲೆನಾಯ್ಡ್ ಮುಚ್ಚುವ ಬಗೆಯದೇ ಇರಲಿ. ಅದನ್ನೂ ಮೋಟರ್ ವಾಲ್ವನ್ನೂ ಎರಡನ್ನೂ ಸುತ್ತಿಕೊಂಡು ಹೋಗುವ ಒಂದು ಸ್ಥಿರ ತೂತಿನ ಬೈಪಾಸ್ ಕೊಡಿ. 2 ಬಾರ್‌ನಲ್ಲಿ ನಿಮಿಷಕ್ಕೆ 100 ಮಿ.ಲೀ.ಗೆ 0.07 ಮಿ.ಮೀ. ತೂತು ಸಾಕು, ಜ್ಯುವೆಲ್ ಆರಿಫೈಸ್ ಅಂತ ಸಿದ್ಧವಾಗಿ ಸಿಗುತ್ತದೆ. ಕರೆಂಟ್ ಇರಲಿ ಇಲ್ಲದಿರಲಿ ಅಷ್ಟು ಹರಿಯುತ್ತಲೇ ಇರುತ್ತದೆ. ಬೈಪಾಸನ್ನು ಸೆನ್ಸರ್ ಆದಮೇಲೆ ಕವಲೊಡೆಸಿ, ಆಗ ಆ 100 ಕೂಡ ಲೆಕ್ಕಕ್ಕೆ ಸೇರುತ್ತದೆ. ಲೀಕ್ ಪರೀಕ್ಷೆ ಮಾಡುವಾಗ ಅದರ ಹೊರಬಾಯಿಗೂ ಪ್ಲಗ್ ಹಾಕಲು ಮರೆಯಬೇಡಿ. ಬಬ್ಲರಿಗೆ ಮೊದಲು ಒಂದು ಖಾಲಿ ಬಾಟಲಿ ಇಡಿ, ಎಣ್ಣೆ ಪೂರ್ತಿ ಹಿಂದಕ್ಕೆ ಬಂದರೂ ಹಿಡಿಯುವಷ್ಟು ದೊಡ್ಡದು.